ಕುರ್ದರ ಯುಗಾದಿ

ಮಾರ್ಚ್ 20ರ ಸಂಜೆ. ಉತ್ತರ ಇರಾಕಿನ ಬೆಟ್ಟದ ಇಳಿಜಾರಿಗೆ ಆತುಕೊಂಡಿರುವ ಅಕ್ರೆ ಎಂಬ ಹಳೆಯ ಊರಿನಲ್ಲಿ ಕತ್ತಲೆಯನ್ನೇ ಕಾದಿದ್ದ ತರುಣರು ಪಂಜುಗಳನ್ನು ಹೊತ್ತಿಸಿ ಮೇಲೇರತೊಡಗುತ್ತಾರೆ. ಕೆಳಗೆ ನಿಂತವರಿಗೆ ಜನರು ಕಾಣರು. ಬೆಟ್ಟ ಹತ್ತುವ ಬೆಂಕಿಯ ಸಾಲೊಂದೇ ಕಾಣುವುದು. ಮರುದಿನವೇ ನೆವ್ರೋಜ್, ಎಂದರೆ ‘ಹೊಸ ದಿನ’, ಕುರ್ದರ ವರ್ಷಾರಂಭ.

ಇರಾನಿನವರಿಗೂ ಅಂದೇ ಹೊಸ ವರ್ಷ. ಆದರೆ ಕುರ್ದರ ಹಬ್ಬಕ್ಕೆ ನಾಯಕನು ಒಬ್ಬ ಕಮ್ಮಾರ. ಜುಹಾಕನೆಂಬ ಕ್ರೂರ ಅರಸನ ಹೆಗಲುಗಳ ಮೇಲೆ ಎರಡು ಹಾವುಗಳು ಬೆಳೆದಿದ್ದುವಂತೆ. ಅವುಗಳ ಆಹಾರಕ್ಕೆ ದಿನವೂ ಇಬ್ಬರು ತರುಣರ ಮಿದುಳು ಬೇಕು. ಕರುಣೆಯುಳ್ಳ ಅಡಿಗೆಯವರು ಇಬ್ಬರಲ್ಲೊಬ್ಬನನ್ನು ಉಳಿಸಿ, ಬದಲಿಗೆ ಕುರಿಯ ಮಿದುಳನ್ನು ಬೆರೆಸಿ, ಉಳಿದವನನ್ನು ಗುಟ್ಟಾಗಿ ಬೆಟ್ಟಗಾಡಿಗೆ ಕಳುಹಿಸುತ್ತಿದ್ದರು. ಹಾಗೆ ಬದುಕಿದವರ ಸಂತತಿಯೇ ಕುರ್ದರೆಂದು ಪಾರಸಿ ಮಹಾಕಾವ್ಯವಾದ ‘ಶಾಹನಾಮಾ’ ಕೂಡ ಹೇಳುತ್ತದೆ. ಮಕ್ಕಳನ್ನು ಕಳೆದುಕೊಂಡ ಕಮ್ಮಾರ ಕಾವಾ ಕಡೆಗೆ ದಂಗೆಯೆದ್ದನು. ಮಹಾಕಾವ್ಯದಲ್ಲಿ ಅರಸನನ್ನು ಸೆರೆಹಿಡಿಯುವವನು ಒಬ್ಬ ರಾಜಪುತ್ರ. ಕುರ್ದರು ಹೇಳುವಾಗ ಮಾತ್ರ ಕೊನೆಯ ಸುತ್ತಿಗೆಯ ಪೆಟ್ಟು ಕಮ್ಮಾರನದೇ! ಗೆಲುವಿನ ಸುದ್ದಿ ಸಾರಲು ಅವನು ಬೆಟ್ಟದ ಮೇಲೆ ಹಚ್ಚಿದ ಬೆಂಕಿಯನ್ನೇ ಇಂದಿಗೂ ಹಚ್ಚುವುದೆಂದು ಐತಿಹ್ಯ.

ಹಬ್ಬದಂದು ಮನೆಯೊಳಗೆ ಕುಳಿತಿರುವವರು ವಿರಳ. ಮಿರುಗುವ ಬಣ್ಣಬಣ್ಣದ ಉಡುಪು ತೊಟ್ಟ ಹೆಂಗಸರು, ಸೊಂಟಕ್ಕೆ ಪಟ್ಟಿ ಸುತ್ತಿದ ಗಂಡಸರು ಬುತ್ತಿ ಕಟ್ಟಿಕೊಂಡು ಹಸಿರು ಬಯಲಿಗೆ ಹೊರಡುತ್ತಾರೆ. ಕೈಕೈ ಹಿಡಿದು ಸಾಲಾಗಿ ಕುಣಿಯುತ್ತಾರೆ. ಬೆಂಕಿಯನ್ನು ದಾಟಿ ನೆಗೆಯುತ್ತಾರೆ.

ಸ್ವಂತ ರಾಜ್ಯವಿಲ್ಲದ ಕುರ್ದರು ತುರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. ಅವರ ಅತಿ ದೊಡ್ಡ ಪಾಲು ಇರುವ ತುರ್ಕಿಯಲ್ಲಿ ಈ ಬೆಂಕಿ ಬಹುಕಾಲ ನಿಷಿದ್ಧವಾಗಿತ್ತು. 1992ರ ನೆವ್ರೋಜಿನಲ್ಲಿ ಜಿಜ್ರೆ ಮೊದಲಾದ ಊರುಗಳಲ್ಲಿ ಗುಂಡು ಹಾರಿ ಹತ್ತಾರು ಜನ ಮಡಿದರು. ಕೆಲವೇ ವರ್ಷಗಳಲ್ಲಿ ಸರಕಾರವೇ ಹಬ್ಬವನ್ನು ತನ್ನದೆಂದು ಆಚರಿಸತೊಡಗಿತು. ಮಂತ್ರಿಗಳೂ ಬೆಂಕಿ ದಾಟಿದರು. ಆಗ ಜಗಳ ಒಂದು ಅಕ್ಷರಕ್ಕೆ ಬಂದು ನಿಂತಿತು. 1928ರಲ್ಲಿ ತುರ್ಕಿಯು ಕೈಗೊಂಡ ರೋಮನ್ ವರ್ಣಮಾಲೆಯಲ್ಲಿ ‘ಡಬ್ಲ್ಯೂ’ ಇಲ್ಲ. ಹಬ್ಬದ ಹೆಸರನ್ನು ಸರಕಾರ ಬರೆದದ್ದು ‘ವಿ’ಯಿಂದ, ಕುರ್ದರು ಬರೆದದ್ದು ‘ಡಬ್ಲ್ಯೂ’ನಿಂದ. ಎರಡಕ್ಕೂ ಒಂದೇ ‘ವ’ಕಾರವಿರುವ ಕನ್ನಡದಲ್ಲಿ ಈ ವ್ಯಾಜ್ಯವನ್ನು ಬರೆದು ತೋರಿಸುವುದೂ ಕಷ್ಟ! ಆದರೆ ಅಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಆ ಅಕ್ಷರ ಅಚ್ಚು ಹಾಕಿಸಿದವರು ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಅಕ್ಷರಕ್ಕೆ ಬಿಡುಗಡೆ ದೊರೆತದ್ದು 2013ರಲ್ಲಿ ಪ್ರಕಟವಾದ ಸುಧಾರಣೆಗಳಿಂದ.

ಆಗ್ನೇಯ ತುರ್ಕಿಯ ದಿಯಾರ್‌ಬಕಿರ್ ನಗರದ ಮೈದಾನದಲ್ಲಿ ಈಗ ನೆವ್ರೋಜಿಗೆ ಜನಸಾಗರವೇ ನೆರೆಯುತ್ತದೆ. ಪೊಲೀಸರ ತಪಾಸಣೆಯನ್ನು ದಾಟಿಯೇ ಒಳಗೆ ಹೋಗಬೇಕು.