ಗುಣವಾಚಕಕ್ಕೆ ಮೊದಲೋ, ನಂತರವೋ?

ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ‘ದೊಡ್ಡ ಮನೆ’ ಎಂದರೆ ಸಾಕು, ಮಾತು ಪೂರ್ತಿಯಾಯಿತು. ಇಂಗ್ಲಿಷಿನಲ್ಲಿ ಬರೀ ‘ಬಿಗ್ ಹೌಸ್’ ಎಂದರೆ ನಡೆಯದು. ‘ಎ’ ಅಥವಾ ‘ದಿ’ ಬೇಕು. ಅದನ್ನು ಎಲ್ಲಿ ಇಡಬೇಕೆಂಬಲ್ಲೇ ಹಲವರು ಎಡವುವುದು.

ತಪ್ಪು ಕಲ್ಪನೆ: ಆರ್ಟಿಕಲ್ ನಾಮಪದಕ್ಕೆ ಅಂಟಿಕೊಂಡೇ ಇರಬೇಕು.
ಸತ್ಯ: ಆರ್ಟಿಕಲ್ ನಾಮಪದಕ್ಕೆ ಸೇರಿದ್ದು ನಿಜ. ಆದರೆ ಗುಣವಾಚಕ ಬಂದರೆ ಅದಕ್ಕೂ ಮೊದಲೇ ನಿಲ್ಲುತ್ತದೆ: ‘ಎ ಬಿಗ್ ಓಲ್ಡ್ ಹೌಸ್’. ಗುಣವಾಚಕ ಎರಡಿದ್ದರೂ ಆರ್ಟಿಕಲ್ ಒಂದೇ. ‘ಎ ಬ್ಲ್ಯಾಕ್ ಆ್ಯಂಡ್ ವೈಟ್ ಕೌ’ ಎಂದರೆ ಕಪ್ಪು-ಬಿಳುಪಿನ ಒಂದು ಹಸು. ‘ಎ ಬ್ಲ್ಯಾಕ್ ಆ್ಯಂಡ್ ಎ ವೈಟ್ ಕೌ’ ಎಂದರೆ ಹಸುಗಳು ಎರಡು!

ತಪ್ಪು ಕಲ್ಪನೆ: ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದನ್ನು ನಾಮಪದ ನಿರ್ಧರಿಸುತ್ತದೆ.
ಸತ್ಯ: ಆರ್ಟಿಕಲ್‌ನ ಪಕ್ಕದಲ್ಲೇ ಬರುವ ಪದದ ಉಚ್ಚಾರಣೆ ನಿರ್ಧರಿಸುತ್ತದೆ. ‘ಆ್ಯನ್ ಆ್ಯಪಲ್’ ಸರಿ. ನಡುವೆ ‘ರೆಡ್’ ಬಂದರೆ ‘ಎ ರೆಡ್ ಆ್ಯಪಲ್’. ಅನುಮಾನ ಬಂದರೆ ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ‘ಆನೆಸ್ಟ್’ ಸ್ವರದಿಂದ ಶುರು, ಹಾಗಾಗಿ ‘ಆ್ಯನ್ ಆನೆಸ್ಟ್ ಮ್ಯಾನ್’. ‘ಯೂಸ್‌ಫುಲ್’ ಯಕಾರದಿಂದ ಶುರು, ಹಾಗಾಗಿ ‘ಎ ಯೂಸ್‌ಫುಲ್ ಬುಕ್’. ‘ಒನ್ ವೇ’ ಮಾತ್ರ ಎಚ್ಚರ: ನಾವು ಒಕಾರದಿಂದ ಬರೆದರೂ ಇಂಗ್ಲಿಷ್ ಉಚ್ಚಾರಣೆ ವಕಾರದ್ದು. ಆದ್ದರಿಂದ ‘ಎ ಒನ್ ವೇ ರೋಡ್’.

ತಪ್ಪು ಕಲ್ಪನೆ: ಗುಣವಾಚಕ ಇದ್ದಲ್ಲೆಲ್ಲ ಆರ್ಟಿಕಲ್ ಇರಲೇಬೇಕು.
ಸತ್ಯ: ‘ಶಿ ಈಸ್ ಟಾಲ್’ ಎಂಬಲ್ಲಿ ಗುಣವಾಚಕದ ನಂತರ ನಾಮಪದವಿಲ್ಲ, ಆರ್ಟಿಕಲ್ಲೂ ಬೇಡ. ‘ಶಿ ಈಸ್ ಎ ಟಾಲ್ ಗರ್ಲ್’ ಎಂದಾಗ ಬೇಕು. ‘ಮೈ ಓಲ್ಡ್ ಹೌಸ್’ ಎಂಬಲ್ಲಿ ‘ಮೈ’ ಆ ಜಾಗ ಹಿಡಿದಿರುವುದರಿಂದ ‘ಎ’, ‘ದಿ’ ಎರಡಕ್ಕೂ ಎಡೆಯಿಲ್ಲ. ‘ದಿ ರಿಚ್’ ಎಂದರೆ ಶ್ರೀಮಂತರು. ಅಲ್ಲಿ ಗುಣವಾಚಕವೇ ನಾಮಪದದ ಕೆಲಸ ಮಾಡುತ್ತದೆ.

ತಪ್ಪು ಕಲ್ಪನೆ: ಗುಣವಾಚಕದ ನಂತರ ಆರ್ಟಿಕಲ್ ಬಂದರೆ ಅದು ತಪ್ಪೇ.
ಸತ್ಯ: ‘ಸೋ’, ‘ಟೂ’, ‘ಆ್ಯಸ್’, ‘ಹೌ’ ಮೊದಲು ಬಂದರೆ ‘ಎ’, ‘ಆ್ಯನ್’ಗಳು ಗುಣವಾಚಕದ ಆಚೆಗೆ ಸರಿಯುತ್ತವೆ: ‘ಟೂ ಬಿಗ್ ಎ ಪ್ರಾಬ್ಲಮ್’. ‘ಸಚ್’, ‘ವಾಟ್’ ಬಂದರೆ ಅವುಗಳ ನಂತರ, ಆದರೆ ಗುಣವಾಚಕಕ್ಕೆ ಮೊದಲು: ‘ಸಚ್ ಎ ಬಿಗ್ ಪ್ರಾಬ್ಲಮ್’.

ಬರೆಯುವಾಗ ಮೊದಲು ನಾಮಪದ ಹುಡುಕಿ, ಅದಕ್ಕೆ ಆರ್ಟಿಕಲ್ ಬೇಕೇ ಎಂದು ನೋಡಿ. ಬೇಕಿದ್ದರೆ ಗುಣವಾಚಕಗಳಿಗೆ ಮೊದಲು ಇಡಿ. ‘ಸೋ’, ‘ಟೂ’, ‘ಆ್ಯಸ್’, ‘ಹೌ’ ಎಂಬ ನಾಲ್ಕು ಪದಗಳನ್ನು ನೆನಪಿಟ್ಟರೆ ಈ ತಪ್ಪುಗಳು ಬಹುಪಾಲು ತಪ್ಪುತ್ತವೆ.