ಕಾಣದ ತೂಬನ್ನು ತೋರಿಸುವ ಪ್ರತಿಕಾಯ

ಆದೋನಿ ಸೀಮೆಯಲ್ಲಿ ತುಂಗಭದ್ರಾ ಕಾಲುವೆಯ ನೀರು ತೂಬಿನ ಮೂಲಕ ಹೊಲಕ್ಕೆ ಹರಿಯುತ್ತದೆ. ನಮ್ಮ ಜೀವಕೋಶದಲ್ಲಿಯೂ ಇಂಥ ತೂಬುಗಳಿವೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ವಿ.ಡಿ.ಎ.ಸಿ. ಎಂಬ ಪ್ರೋಟೀನು ಇದೆ. ಶಕ್ತಿ ಹೊತ್ತ ಎ.ಟಿ.ಪಿ. ಅಣುಗಳು ಇದರ ಮೂಲಕವೇ ಹೊರಬರುತ್ತವೆ. 1976ರಲ್ಲಿ ಇದನ್ನು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯಲ್ಲಿ ಗುರುತಿಸಲಾಯಿತು.

ಇಷ್ಟು ಸಣ್ಣ ತೂಬನ್ನು ಹುಡುಕುವುದು ಹೇಗೆ? ಈ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಅದರ ದೇಹವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಬೀಗಕ್ಕೆ ಕೀಲಿಕೈಯಂತೆ ಅವು ಆ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಅವುಗಳಿಗೆ ಹೊಳೆಯುವ ಬಣ್ಣ ಜೋಡಿಸಿದರೆ ಸೂಕ್ಷ್ಮದರ್ಶಕದಲ್ಲಿ ಪ್ರೋಟೀನು ಇರುವ ಜಾಗ ಬೆಳಗುತ್ತದೆ.

ಆದರೆ ಕೆಲವು ಪ್ರತಿಕಾಯಗಳು ಬೇರೆ ಪ್ರೋಟೀನಿಗೂ ಅಂಟುವುದುಂಟು. ಆಗ ರೋಗದ ಸಂಶೋಧನೆಯೇ ದಾರಿ ತಪ್ಪುತ್ತದೆ. ಆದ್ದರಿಂದ ವಿ.ಡಿ.ಎ.ಸಿ. ಇಲ್ಲದ ಕೋಶದಲ್ಲಿಯೂ ಪ್ರತಿಕಾಯವನ್ನು ಪರೀಕ್ಷಿಸುತ್ತಾರೆ. ಅಲ್ಲಿ ಬೆಳಕು ಕಾಣದಿದ್ದರೆ ಮಾತ್ರ ಅದನ್ನು ನಂಬಬಹುದು.