ಮಗ್ರಿಬ್ ನಂತರದ 15 ನಿಮಿಷ: ಓದಲು ತಡವರಿಸುವ ಮಗುವಿಗೆ ಮನೆಯಲ್ಲೇ ನೆರವು

ನಾಲ್ಕನೇ ತರಗತಿಯ ಮಗು ಕನ್ನಡ ಪುಸ್ತಕದ ಮೊದಲ ಪಾಠವನ್ನು ಗಡಗಡನೆ ಒಪ್ಪಿಸಿಬಿಡುತ್ತದೆ. ಅಬ್ಬಾಗೆ ಖುಷಿ. ಅದೇ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು 'ಇದೇನು?' ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ, ಇಲ್ಲವೇ ಮೊದಲ ಸಾಲಿನಿಂದ ಮತ್ತೆ ಹೇಳಿಕೊಂಡು ಅಲ್ಲಿಗೆ ಬರಲು ನೋಡುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮ ಮನೆಗಳಲ್ಲಿ ಇದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಮಗು ಮೋಸ ಮಾಡುತ್ತಿಲ್ಲ. ಓದುವುದೆಂದರೆ ಇದೇ ಎಂದು ಅದು ತಿಳಿದಿದೆ. ಪಾಠವನ್ನು ಕಿವಿಯಿಂದ ಕಲಿತಿದೆ, ಕಣ್ಣಿನಿಂದ ಇನ್ನೂ ಕಲಿತಿಲ್ಲ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ಮಗು ನಿಜವಾಗಿ ಎಲ್ಲಿ ನಿಂತಿದೆ ಎಂಬುದು. ಅದಕ್ಕೆ ದೊಡ್ಡ ಪರೀಕ್ಷೆ ಬೇಡ. ಪ್ರಥಮ್ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ಅಸರ್ ಸಮೀಕ್ಷೆಯಲ್ಲಿ ಮಗುವನ್ನು ಮನೆಯಲ್ಲೇ ಕೂರಿಸಿ ನಾಲ್ಕು ತುಣುಕುಗಳನ್ನು ಓದಿಸುತ್ತಾರೆ: ಬಿಡಿ ಅಕ್ಷರಗಳು, ಸುಲಭ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಗು ಯಾವ ತರಗತಿಯಲ್ಲಿದ್ದರೂ ತುಣುಕುಗಳು ಇವೇ. ನಾವೂ ಹಾಗೆಯೇ ಮಾಡಬಹುದು. ಆದರೆ ಮಗು ಕೇಳಿರದ ಸಾಲುಗಳನ್ನು ಕೊಡಬೇಕು, ಶಾಲೆಯ ಪುಸ್ತಕದಿಂದ ಬೇಡ. ಪದ ಓದಿ ಸಾಲಿನಲ್ಲಿ ನಿಂತರೆ ಅಲ್ಲಿಂದ ಶುರು, ಅಕ್ಷರದಲ್ಲೇ ನಿಂತರೆ ಅಕ್ಷರದಿಂದಲೇ ಶುರು. ಐದನೇ ತರಗತಿಯ ಮಗುವಾದರೂ ಸರಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಈ ಮಕ್ಕಳು ಹಿಂದೆ ಬೀಳುವುದಕ್ಕೆ ಬುದ್ಧಿ ಕಡಿಮೆ ಎಂಬುದು ಕಾರಣವಲ್ಲ. ನಮ್ಮ ಸೀಮೆಯ ಬದುಕನ್ನು ನೋಡಿದರೆ ಬಹಳಷ್ಟು ಅರ್ಥವಾಗುತ್ತದೆ. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಮನೆಗಳಲ್ಲಿ ದೊಡ್ಡವರಿಗೆ ರಾತ್ರಿ ಬ್ಯಾರನ್ನಿನ ಮುಂದೆಯೇ ಕಳೆಯುತ್ತದೆ. ಚಿಕ್ಕವರೂ ಸೊಪ್ಪು ಕಟ್ಟಲು ಕೂರುತ್ತಾರೆ. ಕೊಡಗಿನ ಕಾಫಿ ಕೊಯ್ಲಿಗೆ ಮನೆಮಂದಿಯೆಲ್ಲ ಹೋದರೆ ಮಗುವೂ ಜೊತೆಗೆ. ತಿಂಗಳುಗಟ್ಟಲೆ ಶಾಲೆ ತಪ್ಪುತ್ತದೆ. ಮರಳಿ ಬಂದಾಗ ತರಗತಿ ಗುಣಿತಾಕ್ಷರ ಮುಗಿಸಿ ಒತ್ತಕ್ಷರಕ್ಕೆ ಹೋಗಿರುತ್ತದೆ. ನಡುವೆ ಬಿದ್ದ ಆ ಗುಂಡಿಯನ್ನು ಯಾರೂ ಮುಚ್ಚುವುದಿಲ್ಲ. ಮಗು ಅದನ್ನು ಬಾಯಿಪಾಠದಿಂದ ದಾಟಿಕೊಳ್ಳುತ್ತದೆ.

ಇದಕ್ಕೆ ಉತ್ತರ ಹುಡುಕಿದವರು ನಮ್ಮ ಪಕ್ಕದಲ್ಲೇ ಇದ್ದರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಕೇಳಿಬರುವ ನಲಿ-ಕಲಿ ಹುಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಕ್ರಮವನ್ನು ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ, ಕಾರ್ಡುಗಳಾಗಿ ಬಿಡಿಸಿದರು. ಒಂದೊಂದು ಮಗುವೂ ತನ್ನ ಏಣಿಯನ್ನು ತಾನೇ ಹತ್ತುತ್ತದೆ. ಒಂದು ತಿಂಗಳು ಬಾರದ ಮಗು, ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರ ಹೊತ್ತಿಗೆ ಈ ಕ್ರಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ತರಗತಿಯಲ್ಲಿ ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಮನೆಗೆ ಬೇಕಾದದ್ದು ಅದರ ಒಂದೇ ಮಾತು: ಬಿಟ್ಟಲ್ಲಿಂದ ಹಿಡಿ.

ನಲಿ-ಕಲಿಯವರು ಇನ್ನೊಂದು ಜಾಣತನ ಮಾಡಿದರು. ಅ, ಆ, ಇ, ಈ ಎಂದು 49 ಅಕ್ಷರ ಮುಗಿಯುವವರೆಗೆ ಕಾಯಲಿಲ್ಲ. ರ, ಗ, ಸ, ದ, ಅ ಎಂಬ ಐದನ್ನು ಮೊದಲು ಕೊಟ್ಟರು. ಐದೇ ಅಕ್ಷರ ಬಂದರೆ ಸರ, ಅರಸ, ಗರಗಸ, ದಸರ ಎಂದು ಮಗು ಓದಿಬಿಡುತ್ತದೆ. ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ. ಮೊದಲ ವಾರದಲ್ಲೇ 'ನಾನು ಓದಿದೆ' ಎನ್ನುವ ಮಗುವಿಗೂ, ಮೂರು ತಿಂಗಳಾದರೂ ಬರೀ 'ಅ ಅರಸ, ಆ ಆನೆ' ಒಪ್ಪಿಸುತ್ತಿರುವ ಮಗುವಿಗೂ ಬಹಳ ಅಂತರವಿದೆ.

ಇನ್ನು ನಮ್ಮ ಮಕ್ಕಳ ವಿಶೇಷ ಪರಿಸ್ಥಿತಿಗೆ ಬರೋಣ. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಎರಡು ಲಿಪಿ ಎಡದಿಂದ ಬಲಕ್ಕೆ, ಒಂದು ಬಲದಿಂದ ಎಡಕ್ಕೆ. ಇಷ್ಟು ಹೊರೆ ಸಣ್ಣ ತಲೆಗೆ ಹೆಚ್ಚಾಯಿತು ಎಂದು ಕೆಲವರು ಮದ್ರಸ ಬಿಡಿಸಿ ಟ್ಯೂಷನ್‌ಗೆ ಹಾಕುತ್ತಾರೆ. ನಮಗೆ ಅನಿಸುವುದು ಬೇರೆ. ಮದ್ರಸದಲ್ಲಿ ನೂರಾನಿ ಖಾಯಿದಾ ಕಲಿತ ಮಗುವಿಗೆ ಓದಿನ ಗುಟ್ಟು ಅರ್ಧ ಗೊತ್ತಾಗಿಬಿಟ್ಟಿರುತ್ತದೆ. ಅದು ಕನ್ನಡಕ್ಕೂ ಸಲ್ಲುತ್ತದೆ ಎಂದು ಯಾರೂ ಹೇಳಿರುವುದಿಲ್ಲ, ಅಷ್ಟೆ.

ಹಿಜ್ಜೆ ನೆನಪಿಸಿಕೊಳ್ಳಿ. ಬೇ ಝಬರ್ ಬ, ಬೇ ಝೇರ್ ಬಿ, ಬೇ ಪೇಶ್ ಬು. ಇದು ಕಾಗುಣಿತವಲ್ಲದೆ ಮತ್ತೇನು? ಅಲ್ಲಿ ಝೇರ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಗುಡಿಸು ಮಾಡುತ್ತದೆ, ಪೇಶ್ ಮಾಡುವುದನ್ನು ಕೊಂಬು ಮಾಡುತ್ತದೆ. ಝಬರ್ ನಂತರ ಅಲಿಫ್ ಬಂದರೆ ಬಾ ಎಂದು ಎಳೆಯಬೇಕು, ಕನ್ನಡದಲ್ಲಿ ಅದು ಇಳಿ. ಎಲ್ಲಿ ಎಳೆಯಬೇಕು, ಎಲ್ಲಿ ಎಳೆಯಬಾರದು ಎಂದು ಉಸ್ತಾದರು ತಿದ್ದಿ ತಿದ್ದಿ ಹೇಳಿರುವುದರಿಂದ ಕಿವಿಯೂ ತಯಾರಾಗಿರುತ್ತದೆ. ಆದ್ದರಿಂದ ಖಾಯಿದಾವನ್ನೂ ಕನ್ನಡ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಒಂದು ಸಂಜೆ ಬ, ಬಿ, ಬು, ಬಾ, ಬೀ, ಬೂ ಎರಡರಲ್ಲೂ ಓದಿಸಿ. ಮಗುವಿನ ಮುಖ ಅರಳುವುದನ್ನು ನೋಡಬೇಕು. ಹಾಗೆಯೇ ಉಸ್ತಾದರನ್ನು ಒಂದು ಮಾತು ಕೇಳಿ: ಮಗು ಖಾಯಿದಾವನ್ನು ನೋಡಿ ಓದುತ್ತಿದೆಯೋ, ಅಕ್ಕಪಕ್ಕದವರ ದನಿ ಕೇಳಿ ಹೇಳುತ್ತಿದೆಯೋ? ಅಲ್ಲೂ ಕಿವಿಯಿಂದ ನಡೆಯುವ ಮಕ್ಕಳಿದ್ದಾರೆ.

ಖಾಯಿದಾ ಕೈಕೊಡುವ ಜಾಗಗಳೂ ಇವೆ, ಅವನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ-ದೀರ್ಘ ಭೇದ ಅರಬಿಯಲ್ಲಿಲ್ಲ, ಉರ್ದುವಿನಲ್ಲೂ ಕನ್ನಡದಷ್ಟು ಕಟ್ಟುನಿಟ್ಟಿಲ್ಲ. ಳ ಮತ್ತು ಣ ಉರ್ದು ಅಕ್ಷರಮಾಲೆಯಲ್ಲೇ ಇಲ್ಲ. ಆದ್ದರಿಂದ ಬೆಲೆ, ಬೆಳೆ, ಬೇಳೆ ಈ ಮೂರೂ ದಖ್ಖನಿ ಮಾತಿನ ಮಗುವಿಗೆ ಒಂದೇ ಸದ್ದಾಗಿ ಕೇಳಬಹುದು. ಕಿವಿಗೆ ಬೇರೆಯಾಗದ್ದು ಕಣ್ಣಿಗೆ ಬೇರೆಯಾಗುವುದಿಲ್ಲ. ಇದನ್ನು ಪುಸ್ತಕಕ್ಕಿಂತ ಅಡುಗೆಮನೆಯಲ್ಲಿ ಕಲಿಸುವುದು ಸುಲಭ. ಬೇಳೆ ಡಬ್ಬಿ ಮುಂದಿಟ್ಟು 'ಬೇಳೆ ಬೆಲೆ ಎಷ್ಟು?' ಎಂದು ಕೇಳಿ, ಮಗುವಿನಿಂದಲೂ ಕೇಳಿಸಿ. ಹುಲಿ-ಹುಳಿ, ಕೊಡು-ಕೋಡು ಹೀಗೆ ಜೋಡಿ ಹೇಳಿ ಆಟ ಆಡಿಸಿ. ಬರೆಯುವುದು ಆಮೇಲೆ. ಊರಿನ ಮಾತಿನಲ್ಲಿ ಹಾಲು 'ಆಲು' ಆಗುವುದರಿಂದ ಹಕಾರ ಬಿಟ್ಟು ಬರೆಯುವ ಮಕ್ಕಳೂ ಇದ್ದಾರೆ. ಅದು ನಮ್ಮವರದೊಂದೇ ಕಷ್ಟವಲ್ಲ, ಊರಿನ ಎಲ್ಲ ಮಕ್ಕಳದ್ದು. ಎಚ್.ಡಿ. ಕೋಟೆಯ ವಯನಾಡು ಗಡಿಯ ಕಡೆ ಮನೆಯಲ್ಲಿ ಮಲಯಾಳ ಆಡುವ ಮಕ್ಕಳಿಗೆ ಳ, ಣ, ಎ-ಏ ತೊಡಕಾಗುವುದಿಲ್ಲ, ಆ ಸದ್ದುಗಳು ಅವರ ಮಾತಿನಲ್ಲೇ ಇವೆ.

'ನನಗೇ ಕನ್ನಡ ಓದಲು ಬರುವುದಿಲ್ಲ, ನಾನೇನು ಕಲಿಸಲಿ?' ಎಂದು ಅಮ್ಮಿ ಕೇಳುತ್ತಾರೆ. ಕಲಿಸಬಹುದು. ಹಳೆಯ ಮದುವೆ ಕಾರ್ಡುಗಳನ್ನು ಸಣ್ಣ ಚೀಟಿಗಳಾಗಿ ಕತ್ತರಿಸಿ. ದೊಡ್ಡ ಮಗಳೋ ಪಕ್ಕದ ಮನೆಯ ಹುಡುಗಿಯೋ ಒಂದು ಕಡೆ ಕನ್ನಡ ಅಕ್ಷರ, ಹಿಂದುಗಡೆ ಅದೇ ಸದ್ದಿನ ಉರ್ದು ಅಕ್ಷರ ಬರೆದುಕೊಡಲಿ. ಒಂದು ಕಡೆ ಬ, ಇನ್ನೊಂದು ಕಡೆ ಬೇ. ಉರ್ದುವಿನಲ್ಲಿ ಇಲ್ಲದ ಳಕ್ಕೆ ಬಳೆಯ ಚಿತ್ರ, ಣಕ್ಕೆ ಕಣ್ಣಿನ ಚಿತ್ರ ಸಾಕು. ಮಗುವಿಗೆ ಕನ್ನಡದ ಕಡೆ ಕಾಣುತ್ತದೆ, ಅಮ್ಮಿಗೆ ಹಿಂದಿನದು ಕಾಣುತ್ತದೆ. ತಪ್ಪು-ಸರಿ ಹೇಳಲು ಇನ್ನೇನು ಬೇಕು? ಉರ್ದುವೂ ಬಾರದಿದ್ದರೆ ಎಲ್ಲ ಚೀಟಿಗೂ ಚಿತ್ರವೇ ಇರಲಿ.

ಹೊತ್ತು ಯಾವುದಾದರೂ ಆಗಬಹುದು. ಮಗ್ರಿಬ್ ನಮಾಝಿನಿಂದ ಎದ್ದ ಮೇಲೆ 15 ನಿಮಿಷ ಎಂದು ನಾವು ಹೇಳುವುದು ನೆನಪಿರಲಿ ಎಂದಷ್ಟೆ. ಟಿವಿ, ಮೊಬೈಲ್ ಆಗ ಬೇಡ. ಮೊದಲ ನಾಲ್ಕೈದು ನಿಮಿಷ ಚೀಟಿ: ಬಂದ ಅಕ್ಷರಗಳು ಎಂಟು, ಹೊಸವು ಎರಡೇ. ಆಮೇಲೆ ಮೂರು-ನಾಲ್ಕು ಸಾಲಿನ ಓದು. ಓದು ಬಲ್ಲವರೊಬ್ಬರು ಪದದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಲಿ, ಎರಡನೇ ಸಲ ಮಗುವೂ ಜೊತೆಗೆ, ಮೂರನೇ ಸಲ ಮಗು ಒಂದೇ. ಬೆರಳು ಪದದಿಂದ ಪದಕ್ಕೆ ಸರಿಯುವುದು ಮುಖ್ಯ. ಬಾಯಿ ಮುಂದೆ ಓಡಿ ಬೆರಳು ಹಿಂದೆ ಉಳಿದರೆ ಮಗು ಮತ್ತೆ ಕಿವಿಯಿಂದ ಓದುತ್ತಿದೆ ಎಂದರ್ಥ. ಆಗ ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ. ಅದೇ ಸಾಲುಗಳನ್ನು ಮೂರು ದಿನ ಓದಿಸಿದರೂ ತಪ್ಪಿಲ್ಲ. ಕೊನೆಗೆ ಏನು ಓದಿದೆ ಎಂದು ಮನೆಯ ಮಾತಿನಲ್ಲೇ ಕೇಳಿ. ಮಗು ದಖ್ಖನಿಯಲ್ಲಿ ಕಥೆ ಹೇಳಿದರೆ ಕನ್ನಡ ಅರ್ಥವಾಗಿದೆ.

ಮೆಟ್ಟಿಲು ಹತ್ತಿಸಲು ನಮ್ಮ ಊರುಗಳ ಹೆಸರೇ ಸಾಕು. ಬಸ್ ನಿಲ್ದಾಣದಲ್ಲಿ ಕಾಯುವಾಗ ಬೋರ್ಡು ನೋಡಿ. 'ನಗರ' ಯಾವ ಗುಣಿತವೂ ಇಲ್ಲದ ಮೂರು ಅಕ್ಷರ. 'ಕೋಟೆ'ಯಲ್ಲಿ ಒಂದು ದೀರ್ಘ, ಒಂದು ಹ್ರಸ್ವ. 'ಹುಣಸೂರು' ಎಂಬಲ್ಲಿ ಕೊಂಬು, ಕೊಂಬಿನ ದೀರ್ಘ ಎರಡೂ ಇವೆ, ಜೊತೆಗೆ ಆ ಣ. 'ಪಿರಿಯಾಪಟ್ಟಣ'ದಲ್ಲಿ ಎರಡು ಗುಡಿಸು, ಒಂದು ಇಳಿ, ಮೊದಲ ಒತ್ತಕ್ಷರ ಟ್ಟ. 'ಹೆಗ್ಗಡದೇವನಕೋಟೆ'ಯಲ್ಲಿ ಹೆ, ದೇ ಎಂದು ಹ್ರಸ್ವ-ದೀರ್ಘ ಎರಡೂ ಒಂದೇ ಪದದಲ್ಲಿ. 'ಕೃಷ್ಣರಾಜನಗರ' ಎಂದು ಪೂರ್ತಿ ಬರೆದದ್ದನ್ನು, ವಟ್ರಸುಳಿಯೂ ಒತ್ತೂ ಸೇರಿ, ಓದಿದ ದಿನ ಮಗುವಿಗೊಂದು ಬಾಳೆಹಣ್ಣೋ ಬಿಸ್ಕತ್ತೋ ಕೊಡಿಸಿ.

ಮಗು ತಡೆದಾಗ ನಾವೇನು ಮಾಡುತ್ತೇವೆ ಎಂಬುದರಲ್ಲೇ ಹೆಚ್ಚಿನ ಕೆಲಸ ಕೆಡುತ್ತದೆ. ನಾವೂ ಗದರಿಸಿದವರೇ, ಕೈ ಎತ್ತಿದವರೇ. ಹಾಗೆ ಮಾಡಿದ ಮೇಲೆ ಪುಸ್ತಕ ತೆಗೆದರೆ ಸಾಕು ಮಗುವಿಗೆ ಹೊಟ್ಟೆನೋವು ಬರುತ್ತಿತ್ತು. ಅದು ಸುಳ್ಳು ಹೊಟ್ಟೆನೋವು ಎಂದುಕೊಂಡಿದ್ದೆವು, ನಿಜವಾದದ್ದೇ ಎಂದು ತಡವಾಗಿ ತಿಳಿಯಿತು. ಅನಸ್ ಬಿನ್ ಮಾಲಿಕ್(ರ) ಬಾಲ್ಯದಿಂದ ಹತ್ತು ವರ್ಷ ಪ್ರವಾದಿ(ಸ)ಯವರ ಸೇವೆಯಲ್ಲಿದ್ದರು. ಆ ಹತ್ತು ವರ್ಷಗಳಲ್ಲಿ ಒಮ್ಮೆಯೂ ಬೇಸರದ ಒಂದು ಉದ್ಗಾರವನ್ನೂ ಕೇಳಲಿಲ್ಲ ಎಂದು ಅವರೇ ಹೇಳಿದ್ದಾರೆ. ನಮಗೆ 15 ನಿಮಿಷವಾದರೂ ಆಗಬೇಕು. ಮಗು ತಡೆದರೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಬಾರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ. ಆಗಲೂ ಬಾರದಿದ್ದರೆ ಪದವನ್ನು ಹೇಳಿಬಿಟ್ಟು ಮುಂದೆ ಹೋಗಿ. ತಮ್ಮನ ಮುಂದೆ, ನೆಂಟರ ಮುಂದೆ 'ಇವನು ದಡ್ಡ' ಎನ್ನುವುದನ್ನಂತೂ ಬಿಟ್ಟೇಬಿಡಿ. 'ನಿನ್ನ ಆಪಾ ನೋಡು ಹೇಗೆ ಓದುತ್ತಾಳೆ' ಎನ್ನುವುದೂ ಅದೇ ಮಾತು.

ಹೀಗೆ ಐದಾರು ತಿಂಗಳು ಬಿಡದೆ ಮಾಡಿಯೂ, ಶಾಲೆಗೆ ಸರಿಯಾಗಿ ಹೋಗಿಯೂ, ಮೂರನೇ ತರಗತಿ ದಾಟಿದ ಮಗು ನಿನ್ನೆ ಓದಿದ ಅಕ್ಷರವನ್ನೇ ಇಂದು ಗುರುತಿಸದಿದ್ದರೆ ಬೇರೆ ಕಾರಣ ಇರಬಹುದು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತೋರಿಸಿ. ಕಪ್ಪುಹಲಗೆ ಕಾಣದ ಮಗುವನ್ನು ಸೋಮಾರಿ ಎಂದು ವರ್ಷಗಟ್ಟಲೆ ಬೈದ ಮನೆಗಳಿವೆ. ಅವೆರಡೂ ಸರಿಯಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಬಹುದು. ಅದು ಕೇಂದ್ರ ಸರ್ಕಾರದ ಸಂಸ್ಥೆ, ಕಲಿಕಾ ತೊಂದರೆಯ ಪರೀಕ್ಷೆಯೂ ಅಲ್ಲಿದೆ. ಮಾತು, ಬುದ್ಧಿ ಎಲ್ಲ ಚುರುಕಾಗಿದ್ದೂ ಓದು ಮಾತ್ರ ಹತ್ತದ ಈ ತೊಂದರೆಗೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ ಮುಂತಾದ ಅನುಕೂಲ ಕೇಳಬಹುದು. ನಜರ್ ತಗುಲಿದೆ ಎಂದು ತಾವೀಝಿಗೆ ಅಲೆಯುವವರನ್ನೂ ಕಂಡಿದ್ದೇವೆ. ದುಆ ಖಂಡಿತ ಮಾಡಿ, ಮೈಸೂರಿನ ಬಸ್ಸನ್ನೂ ಹತ್ತಿ.

ಓದಲು ಪುಸ್ತಕ ಎಲ್ಲಿಂದ ಎಂದರೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯದಿಂದ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಕಥೆಪುಸ್ತಕಗಳು ಸಿಕ್ಕರೆ ಅವುಗಳ ಮೇಲೆ ಓದಿನ ಹಂತ ನಮೂದಾಗಿರುತ್ತದೆ. ಮಗುವಿನ ತರಗತಿ ನೋಡದೆ ಹಂತ ನೋಡಿ ಆರಿಸಿ, ಪುಟಕ್ಕೆ ಒಂದೆರಡೇ ಸಾಲಿನ ಒಂದನೇ ಹಂತದಿಂದ ಶುರುಮಾಡಿ. ಪುಸ್ತಕ ಸಿಗದ ದಿನ ಈ ಪತ್ರಿಕೆಯ ಖುತ್ಬಾ ಸಾರಾಂಶದ ದಪ್ಪಕ್ಷರದ ತಲೆಬರಹಗಳನ್ನು ಓದಿಸಿದರೂ ಆದೀತು. ಒಳಗಿನ ಸಾಲುಗಳು ಬೇಡ, ಅವು ಮಕ್ಕಳಿಗೆ ಕಷ್ಟ. ದೊಡ್ಡವರಿಗೂ ಕೆಲವೊಮ್ಮೆ ಕಷ್ಟವೇ ಎಂದು ಓದುಗರು ಹೇಳುವುದುಂಟು.

ಕಾಫಿ ಕೊಯ್ಲಿಗೆ ಹೊರಡುವ ಮನೆಯವರು ಬಟ್ಟೆಗಂಟಿನ ಜೊತೆ ಚೀಟಿಗಳ ಪೊಟ್ಟಣವನ್ನೂ ಕಟ್ಟಿಕೊಳ್ಳಿ. ಬಂದ ಅಕ್ಷರಗಳಿಗೆ ಒಂದು ರಬ್ಬರ್ ಬ್ಯಾಂಡ್, ಬಾರದವಕ್ಕೆ ಇನ್ನೊಂದು. ಎಸ್ಟೇಟಿನ ಲೈನ್‌ಮನೆಯಲ್ಲಿ ಸಂಜೆ ಐದು ನಿಮಿಷ ಸಿಕ್ಕರೂ ಸಾಕು. ಊರಿಗೆ ಮರಳಿ ಮಗುವನ್ನು ಶಾಲೆಗೆ ಬಿಡುವ ದಿನ ಆ ಎರಡು ಕಟ್ಟುಗಳನ್ನೂ ಟೀಚರ ಕೈಗೆ ಕೊಟ್ಟು, 'ಮೇಡಂ, ಇಲ್ಲಿಯವರೆಗೆ ಬಂದಿದೆ' ಎಂದು ಹೇಳಿ.